ಪೊಲೀಸಪ್ಪನನ್ನು ಪ್ರಶ್ನೆ ಕೇಳುವ ಕ್ರಮ: ಹಿಟ್ನಾಳ ಬಳಕೆದಾರರ ಕೈಪಿಡಿ

ಮಿಕ್ಸಿ ಕೊಂಡರೆ ಒಂದು ಪುಸ್ತಕ ಕೊಡುತ್ತಾರೆ. ಹೊಲಕ್ಕೆ ಎಣ್ಣೆ ಹೊಡೆಯುವ ಪಂಪು ಕೊಂಡರೂ ಎಂಟು ಭಾಷೆಯ ಚೀಟಿ ಬರುತ್ತದೆ; ಎಂಟರಲ್ಲಿ ಕನ್ನಡ ಇರುವುದಿಲ್ಲ, ಅಷ್ಟೆ. ಊರಿಗೊಬ್ಬ ಬೀಟ್ ಪೊಲೀಸನನ್ನು ಕೊಟ್ಟ ಸರ್ಕಾರ ಮಾತ್ರ ಅವನನ್ನು ಹೇಗೆ ಮಾತಾಡಿಸಬೇಕು, ಏನು ಕೇಳಿದರೆ ಉತ್ತರ ಬರುತ್ತದೆ, ಏನು ಕೇಳಿದರೆ ಬಿಸಿಯಾಗುತ್ತಾನೆ ಎಂದು ಒಂದು ಚೀಟಿಯನ್ನೂ ಕೊಡಲಿಲ್ಲ. ಆ ಕೊರತೆ ತುಂಬಲು ಈ ಕೈಪಿಡಿ. ಹಿಟ್ನಾಳ ಕ್ರಾಸಿನ ಚಹಾದಂಗಡಿ ಬೆಂಚಿನ ಮೇಲೆ ಕೂತು, ಒಗ್ಗರಣಿ-ಮಿರ್ಚಿ ತಿನ್ನುತ್ತ, ಹತ್ತಾರು ವರ್ಷ ಕಿವಿಗೊಟ್ಟು ತಯಾರಿಸಿದ್ದು. ಬೇರೆ ಊರಿನವರು ಬಳಸಿದರೆ ಪರಿಣಾಮಕ್ಕೆ ನಾನು ಹೊಣೆಯಲ್ಲ.

ಹಿಟ್ನಾಳವೇ ಯಾಕೆ ಅಂದರೆ, ಇಲ್ಲಿ ಪ್ರಶ್ನೆಗಳು ನಾಲ್ಕೂ ದಿಕ್ಕಿನಿಂದ ಬರುತ್ತವೆ. ರಾಷ್ಟ್ರೀಯ ಹೆದ್ದಾರಿ 50 ಊರ ಮಗ್ಗುಲಲ್ಲೇ ಹಾಯುತ್ತದೆ. ಹಳಬರು ಅದನ್ನು ಇನ್ನೂ ಹದಿಮೂರು ಅಂತಲೇ ಕರೆಯುತ್ತಾರೆ. ಟೋಲ್ ಇದೆ. ಬೇವಿನಹಳ್ಳಿ, ಗಿಣಿಗೇರಾ ಕಡೆಯ ಕಬ್ಬಿಣದ ಕಾರ್ಖಾನೆಗಳ ಲಾರಿಗಳಿವೆ. ಹುಣ್ಣಿಮೆ ಬಂತೆಂದರೆ ಹುಲಿಗಿಯ ಹುಲಿಗೆಮ್ಮನಿಗೆ ಟ್ರ್ಯಾಕ್ಟರ್ ಕಟ್ಟಿಕೊಂಡು ಹೋಗುವ ಮಂದಿ. ಆಚೆಗೆ ಮುನಿರಾಬಾದು, ಅಲ್ಲೇ ತುಂಗಭದ್ರಾ ಡ್ಯಾಮು, ಹೊಳೆ ದಾಟಿದರೆ ವಿಜಯನಗರ ಜಿಲ್ಲೆ. ಸಾಲದ್ದಕ್ಕೆ ಊರ ಹೆಸರನ್ನೇ ಅಡ್ಡಹೆಸರಾಗಿ ಇಟ್ಟುಕೊಂಡ ಮನೆತನದಿಂದ ಶಾಸಕರೂ ಸಂಸದರೂ ಆಗಿರುವುದರಿಂದ, ಹಿಟ್ನಾಳ ಅಂದರೆ ಊರೋ ಮನುಷ್ಯರೋ ಅಂತ ಹೊರಗಿನವರು ಕ್ರಾಸಿನಲ್ಲಿ ನಿಂತ ಪೊಲೀಸರನ್ನೇ ಕೇಳುವುದುಂಟು.

ಭಾಗಗಳ ಪರಿಚಯ

ಮೊದಲು ತೋಳು ನೋಡಿ, ಆಮೇಲೆ ಹೆಗಲು. ತೋಳಿನ ಮೇಲೆ ಮೂರು ಪಟ್ಟಿ ಇದ್ದರೆ ಹೆಡ್ ಕಾನ್‌ಸ್ಟೇಬಲ್, ಊರ ಬಾಯಲ್ಲಿ ದಫೇದಾರ. ಹೆಗಲ ಮೇಲೆ ಕೆಂಪು-ನೀಲಿ ರಿಬ್ಬನ್ನಿನ ಜೊತೆ ಒಂದು ನಕ್ಷತ್ರ ಇದ್ದರೆ ಎಎಸ್‌ಐ, ಎರಡಿದ್ದರೆ ಪಿಎಸ್‌ಐ, ಮೂರಿದ್ದರೆ ಇನ್ಸ್‌ಪೆಕ್ಟರ್. ನಕ್ಷತ್ರ ಮೂರಿದ್ದು ರಿಬ್ಬನ್ ಇಲ್ಲದಿದ್ದರೆ ಅವರು ಡಿವೈಎಸ್‌ಪಿ. ಅವರ ತನಕ ಬೈಕಿನ ಕಥೆ ಒಯ್ಯಬೇಡಿ. ಇಷ್ಟು ಲೆಕ್ಕ ನೆನಪಿಡಲಾಗದಿದ್ದರೆ ಎಲ್ಲರಿಗೂ 'ಸಾಹೇಬ್ರ' ಅಂದುಬಿಡಿ. ಕಾನ್‌ಸ್ಟೇಬಲ್‌ಗೆ ಸಾಹೇಬ್ರ ಅಂದರೆ ಯಾರಿಗೂ ನಷ್ಟವಿಲ್ಲ, ಇನ್ಸ್‌ಪೆಕ್ಟರಿಗೆ ದಫೇದಾರ್ರ ಅಂದರೆ ಬಂದ ಕೆಲಸ ಕೆಟ್ಟಿತು. 'ಪೇದೆ' ಎಂಬ ಪದ ಪೇಪರಿನವರಿಗಿರಲಿ, ಎದುರಿಗೆ ಬೇಡ.

ಈ ಸಾಹೇಬ ನಮ್ಮ ಕಡೆ ಹಳೇ ಪದ. ನಿಜಾಮನ ಕಾಲಕ್ಕೆ ಠಾಣೆಯ ಅಧಿಕಾರಿ ಅಮೀನ್ ಸಾಹೇಬ. ಊರೊಳಗೆ ಕಂದಾಯ ನೋಡುವವನು ಮಾಲಿಪಾಟೀಲ, ಕಳವು-ಜಗಳ ನೋಡುವವನು ಪೊಲೀಸ್ ಪಾಟೀಲ. ಹುದ್ದೆ ಹೋಗಿ ಅಡ್ಡಹೆಸರು ಉಳಿಯಿತು. ಆದ್ದರಿಂದ ಕೊಪ್ಪಳ ಜಿಲ್ಲೆಯಲ್ಲಿ 'ಪೊಲೀಸ್ ಪಾಟೀಲ' ಅಂತ ಬೋರ್ಡ್ ಕಂಡ ಕೂಡಲೇ ಒಳಗೆ ಹೋಗಿ ಕಂಪ್ಲೇಂಟ್ ಹೇಳಬೇಡಿ, ಅದು ಗೊಬ್ಬರದ ಅಂಗಡಿ ಇದ್ದೀತು. ಇನ್ನೊಂದು ಮಾತು: ಹೈದರಾಬಾದ್ ಸಂಸ್ಥಾನದಲ್ಲಿದ್ದ ನಮಗೆ ಸ್ವಾತಂತ್ರ್ಯ ಬಂದದ್ದೇ 1948ರ ಸೆಪ್ಟೆಂಬರ್ 17ಕ್ಕೆ, 'ಪೊಲೀಸ್ ಕಾರ್ಯಾಚರಣೆ'ಯಿಂದ. ಬಂದದ್ದು ಮಿಲಿಟರಿ, ಹೆಸರು ಮಾತ್ರ ಪೊಲೀಸರದು. ದುಡಿದವರು ಒಬ್ಬರು, ಹೆಸರು ಇನ್ನೊಬ್ಬರಿಗೆ ಅನ್ನುವ ಲೆಕ್ಕ ಪೊಲೀಸರ ಪಾಲಿಗೆ ಲಾಭವಾಗಿ ಬಂದದ್ದು ಅದೊಂದೇ ಸಲ ಎಂದು ನಿವೃತ್ತ ದಫೇದಾರರೊಬ್ಬರು ಇದೇ ಬೆಂಚಿನ ಮೇಲೆ ಹೇಳುತ್ತಿದ್ದರು.

ಟೊಪ್ಪಿಗೆಯ ಬಗ್ಗೆ. 2025ರ ಅಕ್ಟೋಬರಿನಲ್ಲಿ ಕಾನ್‌ಸ್ಟೇಬಲ್‌ಗಳ ಒಂದು ಬದಿ ಮಡಚಿದ ಸ್ಲೌಚ್ ಹ್ಯಾಟಿನ ಜಾಗಕ್ಕೆ ಕಡುನೀಲಿ ಪೀಕ್ ಕ್ಯಾಪ್ ಬಂತು. ಹೊಸ ಕ್ಯಾಪ್ ಕಂಡವರೆಲ್ಲ ಕ್ರಾಸಿನಲ್ಲಿ ಕೇಳಿದ್ದು ಒಂದೇ: "ಏನ್ರಿ, ಪ್ರಮೋಷನ್ ಆತೇನ್ರಿ?" ಉತ್ತರವೂ ಒಂದೇ: "ಟೊಪಗಿಗೆ ಆಗೇತ್ರಿ, ನಮಗಿನ್ನೂ ಇಲ್ಲ."

ಚಾಲೂ ಮಾಡುವುದು

ಯಾವ ಪೊಲೀಸನನ್ನೂ ನೇರ ಪ್ರಶ್ನೆಯಿಂದ ಚಾಲೂ ಮಾಡಬಾರದು. ಮೊದಲ ಗುಂಡಿ: "ಊಟ ಆತೇನ್ರಿ ಸಾಹೇಬ್ರ?" ಬೆಳಿಗ್ಗೆ ಒಂಬತ್ತಾಗಿದ್ದರೂ ಇದೇ, ರಾತ್ರಿ ಎರಡಾಗಿದ್ದರೂ ಇದೇ. ಇದು ಊಟದ ಪ್ರಶ್ನೆಯಲ್ಲ. ಎರಡನೆಯದು ಮಳೆ, ಇಲ್ಲವೇ ಡ್ಯಾಮಿನ ನೀರು. ಮೂರನೆಯದು "ನಿಮ್ದು ಯಾವೂರ ಆತ್ರಿ?" ನಾಲ್ಕನೆಯದು ಮಕ್ಕಳು, ಸಾಲಿ. ಐದನೆಯದನ್ನು ಕೂತು ಕೇಳುವ ಪದ್ಧತಿ ಇಲ್ಲ. ಎದ್ದು, ನಮಸ್ಕಾರ ಮಾಡಿ, ಹೊರಟು, ಒಂದು ಕಾಲು ಹೊಸ್ತಿಲಾಚೆ ಇಟ್ಟು, ಕತ್ತು ಮಾತ್ರ ತಿರುಗಿಸಿ ಕೇಳಬೇಕು: "ಅಂದಂಗ ಸಾಹೇಬ್ರ..."

ಬಂದ ಕೆಲಸ ಆ 'ಅಂದಂಗ'ದ ಆಚೆ ಇರುತ್ತದೆ. ಅಣ್ಣ-ತಮ್ಮ ಬದುವಿನ ಕಲ್ಲು ಕಿತ್ತದ್ದು, ಅಳಿಯ ಕುಡಿದು ಬಂದು ಹೊಡೆದದ್ದು, ಗೊತ್ತಿಲ್ಲದೆ ಜಾಮೀನಿಗೆ ಸಹಿ ಹಾಕಿದ್ದು. ಇಪ್ಪತ್ತು ವರ್ಷ ಠಾಣೆಯಲ್ಲಿ ಬರೆದ ರೈಟರುಗಳು ಮೊದಲ ನಾಲ್ಕು ಪ್ರಶ್ನೆಗೆ ಫೈಲಿನಿಂದ ತಲೆ ಎತ್ತುವುದೇ ಇಲ್ಲ. ಕಾಲು ಹೊಸ್ತಿಲು ದಾಟುವ ಸದ್ದಿಗೆ ಪೆನ್ನು ಕೆಳಗಿಡುತ್ತಾರೆ. ಹೊಸದಾಗಿ ಬಂದ ಹುಡುಗರು ಮೊದಲನೆಯದಕ್ಕೇ "ಆಗೇತಿ, ಏನ್ ಕೆಲಸ ಹೇಳ್ರಿ" ಅಂದುಬಿಡುತ್ತಾರೆ. ಆಗ ಎದುರಿನವನು "ಏನಿಲ್ರೀ, ಸುಮ್ನ ಬಂದಿದ್ದೆ" ಅನ್ನುತ್ತಾನೆ. ಸುಮ್ಮನೆ ಠಾಣೆಗೆ ಬರುವವರು ಈ ಭೂಮಿಯ ಮೇಲೆ ಯಾರಿದ್ದಾರೆ? ಮೂರು ದಿನ ಬಿಟ್ಟು ಅದೇ ಮನುಷ್ಯ ತಲೆಗೆ ಪಟ್ಟಿ ಸುತ್ತಿಕೊಂಡು, ವಕೀಲರ ಜೊತೆ ಬರುತ್ತಾನೆ.

ಎಚ್ಚರಿಕೆ: ಬೀದಿಯಲ್ಲಿ ಪೊಲೀಸ್ ಕಂಡ ತಕ್ಷಣ "ಏನರ ಆಗೇತೇನ್ರಿ?" ಎಂದು ಕೇಳುವುದು ಅಪಾಯ, ಅವರಿಗಲ್ಲ, ಊರಿಗೆ. ಒಮ್ಮೆ ಒಬ್ಬರು ಕ್ರಾಸಿನಲ್ಲಿ ಗಾಡಿ ನಿಲ್ಲಿಸಿ ಚಹಾ ಕುಡಿಯುತ್ತಿದ್ದರು. ಯಾರೋ ಕೇಳಿದರು, "ಚಾ ಕುಡ್ಯಾಕ ಬಂದೀನ್ರೀಪಾ" ಅಂದರು. ಊರು ನಂಬಲಿಲ್ಲ. ಪೊಲೀಸ್ ಬರೀ ಚಹಾಕ್ಕೆ ಬರುತ್ತಾನೆಯೇ? ಸಂಜೆ ಹೊತ್ತಿಗೆ ಹೊಲದಲ್ಲಿ ಹೆಣ ಸಿಕ್ಕಿದೆ ಅಂತಾಯಿತು, ರಾತ್ರಿಗೆ ಹೆಣದ ಊರೂ ಗೊತ್ತಾಯಿತು. ಇಂಥ ಸುದ್ದಿಗಳ ತಾಯಿ ಹುಟ್ಟಿದ್ದು 2024ರ ಆಗಸ್ಟ್ 10ರ ರಾತ್ರಿ, ತುಂಗಭದ್ರಾ ಡ್ಯಾಮಿನ 33 ಗೇಟುಗಳಲ್ಲಿ 19ನೆಯದರ ಚೈನ್ ಲಿಂಕ್ ತುಂಡಾದಾಗ. ಖಾಕಿ ಕಂಡಲ್ಲೆಲ್ಲ "ಡ್ಯಾಮ್ ಒಡೀತೈತೇನ್ರಿ?" ಅದಕ್ಕೆ ಉತ್ತರ ಕೊಡಬೇಕಾದವರು ಎಂಜಿನಿಯರುಗಳು, ಆದರೆ ಎಂಜಿನಿಯರ್ ರಸ್ತೆಯಲ್ಲಿ ಸಿಗುವುದಿಲ್ಲ, ಸಿಕ್ಕರೂ ಎಂಜಿನಿಯರ್ ಅಂತ ಗುರುತಾಗುವುದಿಲ್ಲ. ರಾತ್ರಿ ಮೂರಕ್ಕೆ ಸರ್ಕಾರದಂತೆ ಕಾಣುವ ಮನುಷ್ಯ ಊರಲ್ಲಿ ಒಬ್ಬನೇ ಇರುತ್ತಾನೆ, ಅವನು ಸಮವಸ್ತ್ರದಲ್ಲಿರುತ್ತಾನೆ. ಅದಕ್ಕೇ ಕರೆಂಟು ಯಾವಾಗ ಬರುತ್ತದೆ, ಬಸ್ಸು ಯಾಕೆ ನಿಲ್ಲಿಸಲಿಲ್ಲ, ಪಿಂಚಣಿ ಯಾಕೆ ಜಮಾ ಆಗಲಿಲ್ಲ, ಎಲ್ಲವೂ ಅವನಿಗೇ.

ರಸ್ತೆಯ ಮಗ್ಗುಲಲ್ಲಿ ಬಳಸುವಾಗ

ಹೆಲ್ಮೆಟ್ ಇಲ್ಲದೆ ಸಿಕ್ಕಿಬಿದ್ದಾಗ ಕೇಳುವ ಪ್ರಶ್ನೆ ರಾಜ್ಯಕ್ಕೆಲ್ಲ ಒಂದೇ: "ಅವನ್ನ ಯಾಕ ಬಿಟ್ರಿ, ನನ್ನ ಯಾಕ ಹಿಡದ್ರಿ?" ಇದಕ್ಕೆ ಈ ತನಕ ಯಾವ ದೇಶದ ಪೊಲೀಸರೂ ಉತ್ತರ ಕೊಟ್ಟ ದಾಖಲೆ ನನಗೆ ಸಿಕ್ಕಿಲ್ಲ. ಹಿಟ್ನಾಳದ ಸ್ವಂತ ಆವೃತ್ತಿ ಇನ್ನೂ ಚಂದ: "ಇಲ್ಲೇ ಹೊಲಕ್ಕ ಹೊಂಟಿದ್ವಿ ಸಾಹೇಬ್ರ, ಹೆಲ್ಮೆಟ್ ಯಾಕ ಬೇಕ್ರಿ?" ಹೊಲ ಹೆದ್ದಾರಿಯ ಆ ಕಡೆ ಇದೆ, ನಡುವೆ ಅದಿರಿನ ಲಾರಿ ಓಡಾಡುತ್ತವೆ ಎಂಬುದು ಪ್ರಶ್ನೆಯ ಒಳಗೇ ಇರುವ ಉತ್ತರ. ದಂಡ 500 ರೂಪಾಯಿ. ಇದರ ಬಗ್ಗೆ ಚೌಕಾಶಿ ಮಾಡುವವರು "ಡಿಸ್ಕೌಂಟ್ ಯಾವಾಗ ಬಿಡ್ತಾರ್ರಿ?" ಅಂತಲೂ ಕೇಳುತ್ತಾರೆ. ನಗಬೇಡಿ. ಬಾಕಿ ಉಳಿದ ಟ್ರಾಫಿಕ್ ದಂಡಕ್ಕೆ ಸರ್ಕಾರ 2023ರ ಫೆಬ್ರುವರಿಯಲ್ಲಿ, ಆಮೇಲೆ 2025ರ ಆಗಸ್ಟ್-ಸೆಪ್ಟೆಂಬರಿನಲ್ಲಿ ಅರ್ಧಕ್ಕರ್ಧ ರಿಯಾಯಿತಿ ಬಿಟ್ಟಿದ್ದು ನಿಜ. ಸೀರೆ ಅಂಗಡಿಯ ಆಷಾಢದಂತೆ ದಂಡಕ್ಕೂ ಒಂದು ಮಾಸ ಇದೆ ಅಂತ ಜನ ಕಾದು ಕೂತಿದ್ದಾರೆ.

"ನಾ ಯಾರ್ ಗೊತ್ತೇನ್ರಿ?" ಎಂಬ ಪ್ರಶ್ನೆ ಈ ಕೈಪಿಡಿಯ ವ್ಯಾಪ್ತಿಗೆ ಬರುವುದಿಲ್ಲ. ಅದನ್ನು ಕೇಳುವವರು ಕೈಪಿಡಿ ಓದುವುದಿಲ್ಲ.

ಠಾಣೆಯ ಒಳಗೆ

ಇಲ್ಲಿ ಸ್ವಲ್ಪ ನಿಧಾನ ಓದಿ, ತಮಾಷೆ ಕಡಿಮೆ.

ಅತಿ ಹೆಚ್ಚು ಕೇಳುವ, ಅತಿ ತಪ್ಪಾಗಿ ತಿಳಿದ ಪ್ರಶ್ನೆ: "ಮನಿಗೆ ಬಂದಿಲ್ರಿ ಮಗಳು. 24 ತಾಸು ಕಾಯಬೇಕಂತಲ್ರಿ?" ಬೇಡ. ಕಾಣೆಯಾದವರ ದೂರಿಗೆ 24 ತಾಸು ಕಾಯಬೇಕೆಂಬ ಕಾನೂನು ಎಲ್ಲೂ ಇಲ್ಲ, ಸಿನಿಮಾದಲ್ಲಿ ಇದೆ. ಕಾನೂನಿನಲ್ಲಿ ಇರುವ 24 ತಾಸು ಬೇರೆ: ಯಾರನ್ನಾದರೂ ಬಂಧಿಸಿದರೆ, ದಾರಿಯ ಹೊತ್ತು ಬಿಟ್ಟು, ಅಷ್ಟರೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು, ಇದು ಸಂವಿಧಾನದ 22ನೇ ವಿಧಿ. ಪೊಲೀಸರಿಗೆ ಹಾಕಿದ ಗಡುವನ್ನು ನಾವು ತಾಯಂದಿರ ಕೊರಳಿಗೆ ಕಟ್ಟಿದ್ದೇವೆ. ಒಂದು ಠಾಣೆಯಲ್ಲಿ, ಯಾವುದು ಅನ್ನುವುದು ಬೇಡ, ಇದೇ ಮಾತು ಕೇಳಿ ಒಬ್ಬಾಕೆ ರಾತ್ರಿಯೆಲ್ಲ ಬಸ್‌ಸ್ಟ್ಯಾಂಡಿನಲ್ಲಿ ಕೂತದ್ದನ್ನು ನಾನು ಕಂಡಿದ್ದೇನೆ. ಹುಡುಗಿ ದೊಡ್ಡಮ್ಮನ ಮನೆಯಲ್ಲಿದ್ದಳು, ಬೆಳಿಗ್ಗೆ ಬಂದಳು. ಆ ರಾತ್ರಿಯನ್ನು ಆ ತಾಯಿಗೆ ಯಾರೂ ವಾಪಸ್ ಕೊಡಲಿಲ್ಲ.

"ಇದು ನಿಮ್ಮ ಹದ್ದಿಗೆ ಬರತೈತೇನ್ರಿ?" ಹೆದ್ದಾರಿಯ ಊರಿನವರಿಗೆ ಈ ಪ್ರಶ್ನೆ ತಪ್ಪಿದ್ದಲ್ಲ. ಬಸ್ಸಿನಲ್ಲಿ ಚೀಲ ಕಳುವಾದದ್ದು ಹೊಸಪೇಟೆ ಬಿಟ್ಟ ಮೇಲೋ, ಹೊಳೆ ದಾಟಿದ ಮೇಲೋ, ಟೋಲ್ ಹತ್ತಿರವೋ, ನಿದ್ದೆ ಹೋದವನಿಗೆ ಏನು ಗೊತ್ತು? ನೆನಪಿಡಬೇಕಾದ ಪದ ಝೀರೋ ಎಫ್‌ಐಆರ್. ಗುನ್ನೆ ಎಲ್ಲೇ ಆಗಿರಲಿ, ಬಂದ ಠಾಣೆ ಅದನ್ನು ಬರೆದುಕೊಳ್ಳಬೇಕು, ಆಮೇಲೆ ಸಂಬಂಧಪಟ್ಟ ಠಾಣೆಗೆ ಕಳಿಸಬೇಕು. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಇದನ್ನು ಬರಹಕ್ಕೇ ಇಳಿಸಿದೆ. ನೇರವಾಗಿ ತನಿಖೆ ಮಾಡಬಹುದಾದ ಅಪರಾಧ ಎಂದು ದೂರಿನಲ್ಲೇ ಕಂಡರೆ ಎಫ್‌ಐಆರ್ ಕಡ್ಡಾಯ ಎಂದು ಸುಪ್ರೀಂ ಕೋರ್ಟು ಲಲಿತಾ ಕುಮಾರಿ ಪ್ರಕರಣದಲ್ಲಿ 2013ರಲ್ಲೇ ಹೇಳಿದೆ. "ಕಾಪಿಗೆ ಎಷ್ಟ್ ಕೊಡಬೇಕ್ರಿ?" ಏನೂ ಕೊಡಬೇಕಿಲ್ಲ, ಫಿರ್ಯಾದಿದಾರರಿಗೆ ಪ್ರತಿ ಪುಕ್ಕಟೆ. ಬರೆದುಕೊಳ್ಳಲು ಒಲ್ಲೆ ಅಂದರೆ ಅದೇ ದೂರನ್ನು ಅಂಚೆಯಲ್ಲಿ ಎಸ್‌ಪಿಗೆ ಕಳಿಸಿ. ಕಾನೂನಿನಲ್ಲಿ ಅಂಚೆಯ ಹೆಸರೇ ಇದೆ, ಕೊರಿಯರ್ ಹುಡುಗನಿಗಾಗಿ ಹುಡುಕಬೇಕಿಲ್ಲ.

ಪ್ರತಿ ಕೈಗೆ ಬಂದ ಮೇಲೆ ಬರುವ ಪ್ರಶ್ನೆ: "ಇದನ್ನ ಬರದವ ನಾನೇನ್ರಿ?" ನೀವೇ. ಆದರೆ ಠಾಣೆಯ ಕನ್ನಡದಲ್ಲಿ. ನೀವು "ನನ್ನ ಎಮ್ಮಿ ಹೊಡಕೊಂಡು ಹೋಗ್ಯಾರ್ರಿ" ಅಂದಿರುತ್ತೀರಿ. ಅದು "ಸದರಿ ಫಿರ್ಯಾದಿದಾರರು ಠಾಣೆಗೆ ಹಾಜರಾಗಿ" ಎಂದು ಶುರುವಾಗಿ, ಎಮ್ಮೆಯ ಬಣ್ಣ, ಕೊಂಬು, ಅಂದಾಜು ಕಿಮ್ಮತ್ತು, ಕಟ್ಟಿದ ಗೂಟದ ದಿಕ್ಕು ಎಲ್ಲ ದಾಟಿ, ಒಂದೂ ಪೂರ್ಣವಿರಾಮವಿಲ್ಲದೆ ಪುಟ ತಿರುಗಿ, "ಅಂತಾ ಮುಂತಾಗಿ ಇದ್ದ ಫಿರ್ಯಾದಿಯ ಸಾರಾಂಶದ ಮೇಲಿಂದ" ಗುನ್ನೆ ನಂಬರ್ ಹಿಡಿದು "ತನಿಖೆ ಕೈಗೊಂಡಿದ್ದು ಇರುತ್ತದೆ" ಎಂದು ನಿಲ್ಲುತ್ತದೆ. ಈ ಗದ್ಯವನ್ನು ನಾನು ಗೇಲಿ ಮಾಡುತ್ತಿಲ್ಲ. ಇಷ್ಟು ಉದ್ದದ ವಾಕ್ಯದಲ್ಲಿ ಎಮ್ಮೆ ಎಲ್ಲೂ ತಪ್ಪಿಸಿಕೊಳ್ಳುವುದಿಲ್ಲ, ಅದು ಸಣ್ಣ ಕೌಶಲವಲ್ಲ. ಆಮೇಲೆ ಎಮ್ಮೆ ಸಿಕ್ಕರೆ ಅದು ಎಮ್ಮೆಯಾಗಿರುವುದಿಲ್ಲ, ಮುದ್ದೆಮಾಲು ಆಗಿರುತ್ತದೆ. ಕೋರ್ಟಿನ ಅಪ್ಪಣೆ ಆಗುವ ತನಕ ಹಿಂಡುವವರು ಯಾರು ಎಂಬುದೂ ಒಂದು ಪ್ರಶ್ನೆ.

ಹೊಸ ಕಾನೂನು ಬಂದ ಮೇಲೆ ಬೆಂಚಿನ ಮೇಲೆ ಚರ್ಚೆಯಾದ ದೊಡ್ಡ ನಷ್ಟ 420ರದು. "ನಾಕ್‌ನೂರಾ ಇಪ್ಪತ್ತು ತಗದಾರಂತಲ್ರಿ?" ವಂಚನೆ ಎಲ್ಲೂ ಹೋಗಿಲ್ಲ, ಅದು ಭಾರತೀಯ ನ್ಯಾಯ ಸಂಹಿತೆಯ 318ಕ್ಕೆ ಸೇರಿದೆ. 302ರ ಕೊಲೆ 103ಕ್ಕೆ ಬಂತು, ಗುಂಪು ಸೇರಬಾರದೆಂಬ 144 ನಾಗರಿಕ ಸುರಕ್ಷಾ ಸಂಹಿತೆಯ 163 ಆಯಿತು. ಪೊಲೀಸರು ಹೊಸ ನಂಬರುಗಳನ್ನು ಪರೀಕ್ಷೆಗೆ ಕೂತವರಂತೆ ಬಾಯಿಪಾಠ ಮಾಡಿದರು. ಊರು ಮಾತ್ರ ಒಪ್ಪಿಲ್ಲ. "ಲೇ ಮುನ್ನೂರಾ ಹದಿನೆಂಟು" ಅಂತ ಯಾರೂ ಯಾರನ್ನೂ ಬೈದದ್ದು ನಾನಿನ್ನೂ ಕೇಳಿಲ್ಲ.

"ಒಳಗಿಂದೊಳಗ ಮುಗಿಸಿಬಿಡ್ರಿ ಸಾಹೇಬ್ರ" ಎನ್ನುವುದು ಬದುವಿನ ಜಗಳದವರ ಬೇಡಿಕೆ. ಅದು ಸಿವಿಲ್, ಕೋರ್ಟಿಗೆ ಹೋಗಿ ಎಂಬ ಉತ್ತರ ಸರಿಯಾದದ್ದೇ. ಕೋರ್ಟಿನಲ್ಲಿ ಮೊಮ್ಮಗನ ತನಕ ನಡೆಯುತ್ತದೆ, ಸಾಹೇಬರ ಎದುರು ಮಧ್ಯಾಹ್ನದೊಳಗೆ ಮುಗಿಯುತ್ತದೆ ಎಂಬ ಲೆಕ್ಕಾಚಾರವೂ ಸುಳ್ಳಲ್ಲ. ಈ ಪುಟದ ಮೇಲೆ ಕೈಪಿಡಿ ಬರೆದವನಿಗೂ ಉತ್ತರ ಗೊತ್ತಿಲ್ಲ, ಮುಂದೆ ಹೋಗೋಣ.

ಮಗನ ನೌಕರಿ

"ನಮ್ಮ ಹುಡುಗ ಪಿಯುಸಿ ಆಗ್ಯಾನ್ರಿ, ಹೆಂಗ ಸೇರಸೂದು?" ಕಾನ್‌ಸ್ಟೇಬಲ್ ಆಗಲು ಪಿಯುಸಿ ಸಾಕು, ಎತ್ತರ 168 ಸೆಂಟಿಮೀಟರ್ ಬೇಕು, 1600 ಮೀಟರನ್ನು ಆರೂವರೆ ನಿಮಿಷದಲ್ಲಿ ಓಡಬೇಕು. ನಮ್ಮ ಭಾಗದವರಿಗಿರುವ 371(ಜೆ) ಮೀಸಲಾತಿಗೆ ಎಚ್‌ಕೆ ಸರ್ಟಿಫಿಕೇಟ್ ಮಾಡಿಸಿಟ್ಟುಕೊಳ್ಳಿ. ಇದರ ಬೆನ್ನಿಗೇ ಬರುವ ಪಿಸುಮಾತು, "ಎಷ್ಟ್ ಹೋಗತೈತ್ರಿ?" ಇದನ್ನು ಕೇಳಬೇಡಿ. 545 ಪಿಎಸ್‌ಐ ಹುದ್ದೆಗೆ 2021ರಲ್ಲಿ ನಡೆದ ಪರೀಕ್ಷೆ ಅಕ್ರಮದಿಂದ ರದ್ದಾಗಿ, 2024ರ ಜನವರಿಯಲ್ಲಿ ಮತ್ತೆ ನಡೆಯಿತು. ನಡುವೆ ಕಾದು ಕೂತವರಲ್ಲಿ ನಿಯತ್ತಿನಿಂದ ಓದಿದವರೂ ಇದ್ದರು. ಹುಡುಗನನ್ನು ಬೆಳಿಗ್ಗೆ ಐದಕ್ಕೆ ಕಾಲುವೆ ದಂಡೆಯ ಮೇಲೆ ಓಡಿಸಿ. ಅದಕ್ಕೆ ಸಾಹೇಬರ ಶಿಫಾರಸು ಬೇಕಿಲ್ಲ.

ನಿರ್ವಹಣೆ

"ಪಗಾರ ಎಷ್ಟ್ ಬರತೈತ್ರಿ?" ಎಂದು ಕೇಳಬಹುದು. ಪೊಲೀಸರ ಪಗಾರ ಏರಿಸಿ ಎಂದ ಔರಾದ್ಕರ್ ವರದಿಯ ಹೆಸರನ್ನು ಜೊತೆಗೆ ಸೇರಿಸಿದರೆ ಚಹಾ ಅವರೇ ಹೇಳುತ್ತಾರೆ, ಒಂದು ತಾಸು ಏಳುವುದಿಲ್ಲ. ಆದರೆ ಪಗಾರ ಹೇಳಿದ ಮೇಲೆ ಹುಬ್ಬು ಹಾರಿಸಿ "ಮತ್ತ... ಮ್ಯಾಲಿಂದು?" ಅನ್ನಬಾರದು. ಇಸಿದುಕೊಳ್ಳುವವರಿಗೆ ಅದು ನಾಟುವುದಿಲ್ಲ, ಇಸಿದುಕೊಳ್ಳದವರಿಗೆ ಮಾತ್ರ ನಾಟುತ್ತದೆ.

"ಹಬ್ಬಕ್ಕ ಊರಿಗೆ ಹೋಗಲಿಲ್ಲೇನ್ರಿ?" ಎಂದು ಹಬ್ಬದ ದಿನ ಕೇಳಬೇಡಿ. ನಿಮ್ಮ ಹಬ್ಬ ಅಂದರೆ ಅವರ ಬಂದೋಬಸ್ತ್. ಗಣಪತಿ, ಮೊಹರಂ, ಚುನಾವಣೆ, ಅಂಜನಾದ್ರಿಗೆ ಹನುಮಮಾಲೆ, ಜನವರಿಯಲ್ಲಿ ಕೊಪ್ಪಳದ ಗವಿಮಠದ ಜಾತ್ರೆ. ತೇರಿನ ದಿನ ಲಕ್ಷಗಟ್ಟಲೆ ಮಂದಿ ತೇರನ್ನು ನೋಡುತ್ತಾರೆ, ತೇರಿಗೆ ಬೆನ್ನು ಮಾಡಿ ಮಂದಿಯನ್ನು ನೋಡುವವರು ಇವರು. ಆ ಜಾತ್ರೆಗೆ ಎಂಟು ವರ್ಷ ಹೋದ ಕಾನ್‌ಸ್ಟೇಬಲ್ ಒಬ್ಬರನ್ನು ತೇರು ಹೇಗಿರುತ್ತದೆ ಅಂತ ಕೇಳಿದೆ. "ಸಪ್ಪಳ ಗೊತ್ರಿ" ಅಂದರು. ಮಠದ ದಾಸೋಹದ ರೊಟ್ಟಿ, ಮಿರ್ಚಿ ಮಾತ್ರ ಸರದಿಯ ಮೇಲೆ ಅವರಿಗೂ ಸಿಗುತ್ತದೆ. ಹುಲಿಗಿಯಲ್ಲಿ ಹುಣ್ಣಿಮೆಗೆ ನಿಂತವರಿಗೆ ಬರುವ ಪ್ರಶ್ನೆಗಳು: ಚಪ್ಪಲಿ ಎಲ್ಲಿ ಬಿಡಬೇಕು, ನೀರು ಎಲ್ಲಿದೆ, ಗಂಡ ಎಲ್ಲಿ ಹೋದ. ಮೂರನೆಯದಕ್ಕೆ ಮೈಕ್ ಇದೆ.

ನಕಲಿ ಮಾಲಿನ ಬಗ್ಗೆ

ಇತ್ತೀಚೆಗೆ ಫೋನಿನೊಳಗೂ ಪೊಲೀಸರು ಬರುತ್ತಿದ್ದಾರೆ. ಖಾಕಿ, ಹಿಂದೆ ಧ್ವಜ, ಗಟ್ಟಿ ಇಂಗ್ಲಿಷು, 'ಡಿಜಿಟಲ್ ಅರೆಸ್ಟ್' ಆಗಿದೆ ಎಂಬ ಮಾತು. "ಅವರು ನಿಮ್ಮವರೇನ್ರಿ?" ಎಂದು ಒಬ್ಬ ನಿವೃತ್ತ ಮಾಸ್ತರರು ಕೇಳಿದರು, ಹಣ ಕಳಿಸಿದ ಮೇಲೆ. ಅಂಥ ಬಂಧನ ಯಾವ ಕಾನೂನಿನಲ್ಲೂ ಇಲ್ಲ. ಗುರುತು ಹಿಡಿಯುವುದು ಸುಲಭ. ನಕಲಿಯವನು ನಿಮ್ಮ ಆಧಾರ್ ನಂಬರು ತಾನೇ ಹೇಳುತ್ತಾನೆ. ಅಸಲಿ ಠಾಣೆಯವರು ಎರಡು ಝೆರಾಕ್ಸ್ ತರಲು ಹೇಳುತ್ತಾರೆ. ನಕಲಿಯವನು ಫೋನ್ ಇಡಬೇಡ ಅನ್ನುತ್ತಾನೆ. ಅಸಲಿಯವರು ನಾಳೆ ಬರ್ರಿ ಅನ್ನುತ್ತಾರೆ. ಮೋಸ ಹೋದದ್ದು ಗೊತ್ತಾದ ಗಳಿಗೆಯಲ್ಲೇ 1930ಕ್ಕೆ ಫೋನ್ ಹಚ್ಚಿ. ಇಲ್ಲಿ ಊಟ, ಮಳೆ, ಮಕ್ಕಳು ಏನೂ ಬೇಡ, 112ಕ್ಕೂ ಅಷ್ಟೆ. ಈ ಎರಡು ನಂಬರಿಗೆ ಮಾತ್ರ ಐದನೇ ಪ್ರಶ್ನೆಯನ್ನು ಮೊದಲೇ ಕೇಳಬೇಕು.

ತಿರುಗಿಸಿ ಬಳಸುವುದು

2025ರಲ್ಲಿ 'ಮನೆ ಮನೆಗೆ ಪೊಲೀಸ್' ಎಂಬ ಕಾರ್ಯಕ್ರಮ ಬಂತು. ನಾವು ಠಾಣೆಗೆ ಹೋಗಿ ಪ್ರಶ್ನೆ ಕೇಳುವ ಬದಲು ಅವರೇ ಮನೆಗೆ ಬಂದು ನಮ್ಮನ್ನು ಕೇಳುವುದು. ನಮ್ಮ ಓಣಿಗೆ ಬಂದವನು ಹೊಸ ಹುಡುಗ, ಹೊಸ ಕ್ಯಾಪು, ಕೈಯಲ್ಲಿ ಡೈರಿ. ಪ್ರತಿ ಬಾಗಿಲಲ್ಲೂ ನಿಂತು, "ಏನರ ತೊಂದ್ರಿ ಐತೇನ್ರಿ?" ಅಂದ. ಪ್ರತಿ ಬಾಗಿಲೂ "ಏನಿಲ್ರೀ, ಎಲ್ಲಾ ಆರಾಮದೀವ್ರಿ" ಅಂದಿತು. ಕುಡಿದು ಹೊಡೆಯುವ ಮನೆ, ಚೀಟಿ ಮುಳುಗಿದ ಮನೆ, ಬಡ್ಡಿಯವರು ಬೆಳಿಗ್ಗೆ ತಾನೇ ಬಂದು ಹೋದ ಮನೆ, ಎಲ್ಲವೂ ಆರಾಮ. ಆ ಹುಡುಗ ಡೈರಿಯಲ್ಲಿ ಅದನ್ನೇ ಬರೆದುಕೊಂಡ.

ಓಣಿಯ ಕೊನೆಗೆ ಬಂದು ಗಾಡಿ ಹತ್ತಿ ಕಿಕ್ ಹೊಡೆದ. ಗಾಡಿ ಗುರುಗುಟ್ಟಿತು. ಆಗ ಹಿತ್ತಲ ಕಡೆಯಿಂದ ಒಬ್ಬ ಅಜ್ಜಿ ಸೆರಗು ಸರಿ ಮಾಡಿಕೊಳ್ಳುತ್ತ ಬಂದಳು.

"ನಿಂದ್ರೋ ತಮ್ಮಾ. ಊಟ ಆತೇನು?"

ಅವನು ಗಾಡಿ ಬಂದ್ ಮಾಡಿದ.